ಕೋಡ್ ಎಲ್ಲರದ್ದು, ಲೋಗೋ ಯಾರದ್ದು?

ಗಿಟ್‌ಹಬ್‌ನಲ್ಲಿ ಹೊಸ ರೆಪೋ ಶುರು ಮಾಡಿದಾಗ ನಮ್ಮಲ್ಲಿ ಬಹಳ ಜನ ಕಣ್ಣುಮುಚ್ಚಿ ಎಂಐಟಿ ಲೈಸೆನ್ಸ್ ಆರಿಸ್ತೀವಿ. ಒಂದು ಕ್ಲಿಕ್, ಪ್ರಾಜೆಕ್ಟ್ ಓಪನ್ ಸೋರ್ಸ್ ಆಯ್ತು. ಆಮೇಲೆ ಫಿಗ್ಮಾ ಗೊತ್ತಿರೋ ಗೆಳತಿಗೆ "ಒಂದು ಲೋಗೋ ಮಾಡಿಕೊಡೇ" ಅಂತೀವಿ. ಅವಳು ರಾತ್ರಿ ಕೂತು ಮಾಡಿಕೊಡ್ತಾಳೆ. ಅದು ರೀಡ್‌ಮಿಗೆ, ಸ್ಟಿಕರ್‌ಗೆ, ಟೀ ಶರ್ಟ್‌ಗೆ ಹೋಗುತ್ತೆ. ಆ ಲೋಗೋ ಯಾರದ್ದು ಅಂತ ಯಾರೂ ಕೇಳಲ್ಲ. ಪ್ರಾಜೆಕ್ಟ್ ಚಿಕ್ಕದಿರುವಾಗಲೇ ಕೇಳಬೇಕು ಅನ್ನೋದು ನನ್ನ ವಾದ.

ಒಂದು ಲೋಗೋದಲ್ಲಿ ಎರಡು ಹಕ್ಕುಗಳಿವೆ. ಚಿತ್ರವಾಗಿ ಅದಕ್ಕೆ ಕಾಪಿರೈಟ್. "ಇದು ಇವರ ಸಾಫ್ಟ್‌ವೇರ್" ಅಂತ ಗುರುತು ಹೇಳುವ ಚಿಹ್ನೆಯಾಗಿ ಟ್ರೇಡ್‌ಮಾರ್ಕ್. ಎಂಐಟಿ ಲೈಸೆನ್ಸ್ ಟ್ರೇಡ್‌ಮಾರ್ಕ್ ಬಗ್ಗೆ ಮಾತೇ ಆಡಲ್ಲ. ಅಪಾಚೆ 2.0 ಮಾತ್ರ ಆರನೇ ಸೆಕ್ಷನ್‌ನಲ್ಲಿ, ಟ್ರೇಡ್‌ಮಾರ್ಕ್ ಬಳಸೋಕೆ ಅನುಮತಿ ಕೊಡ್ತಿಲ್ಲ ಅಂತ ನೇರವಾಗಿ ಹೇಳುತ್ತೆ. ಕಾರಣ ಸರಳ. ನಿಮ್ಮ ಕೋಡ್ ತಗೊಂಡು ಯಾರಾದ್ರೂ ಅದರೊಳಗೆ ಪಾಸ್‌ವರ್ಡ್ ಕದಿಯುವ ನಾಲ್ಕು ಸಾಲು ಸೇರಿಸಿ, ನಿಮ್ಮದೇ ಹೆಸರು, ಲೋಗೋ ಹಾಕಿ ಹಂಚಿದರೆ ಬೈಗುಳ ಬರೋದು ನಿಮಗೆ.

ಹೆಸರನ್ನು ಹಾಗೇ ಬಿಟ್ಟರೆ ಏನಾಗುತ್ತೆ ಅನ್ನೋದಕ್ಕೆ ಲಿನಕ್ಸೇ ಸಾಕ್ಷಿ. 1994ರಲ್ಲಿ ಪ್ರಾಜೆಕ್ಟಿಗೆ ಸಂಬಂಧವೇ ಇಲ್ಲದ ಒಬ್ಬರು ಅಮೆರಿಕದಲ್ಲಿ ಆ ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿ ಹಾಕಿದರು. ನೋಂದಣಿ ಆದ ಮೇಲೆ ಲಿನಕ್ಸ್ ಕಂಪನಿಗಳ ಹತ್ರ ದುಡ್ಡು ಕೇಳಿದರು. ಕಾನೂನು ಹೋರಾಟ ನಡೆದು 1997ರಲ್ಲಿ ಹೆಸರು ಲಿನಸ್ ಟೊರ್ವಾಲ್ಡ್ಸ್ ಕೈ ಸೇರಿತು.

ಹಾಗಂತ ಬೀಗ ಹಾಕಿಟ್ಟರೂ ಕಷ್ಟ. ಫೈರ್‌ಫಾಕ್ಸ್ ಲೋಗೋದ ಲೈಸೆನ್ಸ್ ತಮ್ಮ ಮುಕ್ತ ತಂತ್ರಾಂಶದ ನಿಯಮಕ್ಕೆ ಹೊಂದಲ್ಲ ಅಂತ ಡೆಬಿಯನ್‌ನವರು ಲೋಗೋ ಬಿಟ್ಟು ಹೆಸರು ಮಾತ್ರ ಬಳಸ್ತಿದ್ದರು. ಲೋಗೋ ಇಲ್ಲದೆ ಹೆಸರೂ ಇಲ್ಲ ಅಂತ 2006ರಲ್ಲಿ ಮೊಜಿಲ್ಲಾ ಪಟ್ಟು ಹಿಡಿಯಿತು. ಕೊನೆಗೆ ಅದೇ ಬ್ರೌಸರ್ ಡೆಬಿಯನ್‌ನಲ್ಲಿ 'ಐಸ್‌ವೀಸಲ್' ಆಯ್ತು. ಫೈರ್‌ಫಾಕ್ಸ್ ಅನ್ನೋ ಹೆಸರು ವಾಪಸ್ ಬಂದಿದ್ದು 2016ರಲ್ಲಿ!

ಡೆಬಿಯನ್ ತನ್ನ ಸ್ವಂತ ಲೋಗೋ ವಿಷಯದಲ್ಲಿ ಮಾಡಿದ್ದು ನನಗೆ ಇಷ್ಟ. ಎರಡು ಲೋಗೋ ಇಟ್ಟರು. ಕೆಂಪು ಸುರುಳಿಯದ್ದು ಎಲ್ಲರಿಗೂ ಮುಕ್ತ. ಸುರುಳಿಯ ಜೊತೆ ಬಾಟಲ್ ಇರೋದು ಅಧಿಕೃತ ಬಳಕೆಗೆ ಮಾತ್ರ.

ಈಗ ನಮ್ಮ ವಿಷಯಕ್ಕೆ ಬನ್ನಿ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ, ಸ್ವಂತವಾಗಿ ಬರೆದ ಚಿತ್ರದ ಮೊದಲ ಮಾಲೀಕರು ಬರೆದವರೇ. ಆ ಹಕ್ಕನ್ನು ಬೇರೆಯವರಿಗೆ ವರ್ಗಾಯಿಸಬೇಕಾದರೆ ಬರಹದಲ್ಲಿರಬೇಕು, ಸಹಿ ಇರಬೇಕು. ವಾಟ್ಸಾಪ್‌ನಲ್ಲಿ ಒತ್ತಿದ ಥಂಬ್ಸ್ ಅಪ್ ಸಾಲಲ್ಲ. ಎಷ್ಟು ವರ್ಷಕ್ಕೆ ಅಂತ ಬರೆದಿಲ್ಲ ಅಂದ್ರೆ ಐದೇ ವರ್ಷ. ಎಲ್ಲಿಗೆ ಅಂತ ಬರೆದಿಲ್ಲ ಅಂದ್ರೆ ಭಾರತಕ್ಕೆ ಮಾತ್ರ. "ಲೋಗೋ ಕ್ಲಬ್‌ದು" ಅನ್ನೋ ಮಾತಿಗೂ ತೂಕ ಕಮ್ಮಿ, ಯಾಕಂದ್ರೆ ನೋಂದಣಿ ಆಗದ ಕ್ಲಬ್ ಕಾನೂನಿನ ಕಣ್ಣಿಗೆ ಪ್ರತ್ಯೇಕ ವ್ಯಕ್ತಿಯೇ ಅಲ್ಲ. ಮೇಲಾಗಿ ಇಲ್ಲಿ ಎಲ್ಲರೂ ನಾಲ್ಕು ವರ್ಷದ ಅತಿಥಿಗಳು. ಡಿಸೈನ್ ಮಾಡಿದ ಸೀನಿಯರ್ ಪಾಸ್ ಔಟ್ ಆಗಿ ನಂಬರ್ ಬದಲಾಯಿಸಿದರೆ ಜೂನಿಯರ್ಸ್ ಯಾರನ್ನ ಕೇಳಬೇಕು?

ಅದಕ್ಕೆ ನನ್ನ ಸಲಹೆ ಇಷ್ಟೇ. ಮಾಲೀಕತ್ವ ಡಿಸೈನ್ ಮಾಡಿದವರ ಹತ್ರಾನೇ ಇರಲಿ. ಲೋಗೋ ಫೋಲ್ಡರ್‌ಗೆ ಬೇರೆ ಲೈಸೆನ್ಸ್ ಫೈಲ್ ಹಾಕಿ, ಸಿಸಿ ಬೈ-ಎಸ್‌ಎ 4.0 ಸಾಕು, ಅದರಲ್ಲಿ ಅವರ ಹೆಸರಿರಲಿ. ಲಿನಕ್ಸ್‌ನ ಪೆಂಗ್ವಿನ್ ಟಕ್ಸ್‌ನ 1996ರಲ್ಲಿ ಬರೆದ ಲ್ಯಾರಿ ಯೂವಿಂಗ್ ಕೂಡ ಕೇಳಿದ್ದು ತನ್ನ ಹೆಸರನ್ನೂ ತಾನು ಬಳಸಿದ ಗಿಂಪ್ ಹೆಸರನ್ನೂ ಹೇಳಿ ಅಂತ ಮಾತ್ರ. ಇನ್ನೊಂದು ಫೈಲ್‌ನಲ್ಲಿ ಹೆಸರಿನ ನಿಯಮ ಬರೆಯಿರಿ: ಲೇಖನ, ಪಾಠ, ಪೋಸ್ಟರ್‌ಗೆ ಕೇಳದೇ ಬಳಸಬಹುದು, ಕೋಡ್ ಬದಲಾಯಿಸಿ ಹಂಚುವವರು ಹೆಸರು, ಲೋಗೋ ಎರಡನ್ನೂ ಬದಲಾಯಿಸಬೇಕು. ಅನುಮತಿ ಕೊಡೋಕೆ ಬೇರೆ ಬೇರೆ ಬ್ಯಾಚ್‌ನ ಇಬ್ಬರು ಇರಲಿ.

"ಸೆಮಿಸ್ಟರ್ ಪ್ರಾಜೆಕ್ಟಿಗೆ ಇದೆಲ್ಲ ಓವರ್ ಆಗ್ಲಿಲ್ವಾ?" ಅಂತೀರಿ. ಟ್ರೇಡ್‌ಮಾರ್ಕ್ ನೋಂದಣಿ ಮಾಡಿಸಿ ಅಂತ ನಾನು ಹೇಳ್ತಿಲ್ಲ. ಅದಕ್ಕೆ ಫೀಸಿದೆ, ಹತ್ತು ವರ್ಷಕ್ಕೊಮ್ಮೆ ನವೀಕರಣ ಇದೆ, ಈಗ ಬೇಡ. ಆದ್ರೆ ಎರಡು ಫೈಲ್ ಬರೆಯೋಕೆ ಅರ್ಧ ಗಂಟೆ ಸಾಕು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಅನ್ನೋ ಗಾದೆ ನಮ್ಮ ರೆಪೋಗೂ ಅನ್ವಯಿಸುತ್ತೆ. ಈ ವಾರ ಯಾವುದಾದ್ರೂ ರೆಪೋ ಓಪನ್ ಮಾಡಿದಾಗ ಲೋಗೋ ಮಾಡಿದವರ ಹೆಸರು ಅದರಲ್ಲಿ ಎಲ್ಲಾದ್ರೂ ಇದೆಯಾ ನೋಡಿ. ಇಲ್ಲದಿದ್ದರೆ ಮೊದಲ ಪುಲ್ ರಿಕ್ವೆಸ್ಟ್ ನಿಮ್ಮದೇ ಆಗಲಿ.