ಮೇಲ್ ಬರ್ತೈತಿ, ಹೋಗಂಗಿಲ್ಲ: ಇದು ‘ನೆಟ್ ಸ್ಲೋ’ ಅಲ್ರಿ

1/4

ಇದು ರೀಲ್ ಅಲ್ಲ, ಓದಬೇಕಾಗ್ತೈತಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆ ಯಾರ ಮನ್ಯಾಗ ಅಂಗಡಿ, ಗೋಡೌನ್, ಟ್ರಾನ್ಸ್‌ಪೋರ್ಟ್ ಐತಿ, ಅವರು ಪೂರ್ತಿ ಓದ್ರಿ.

ನಮ್ಮ ಕಾಕಾ ನಿಪ್ಪಾಣಿಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಾರ. ಹೋದ ವರ್ಷ ಹಳೇ ತಾಮ್ರದ ಲೈನ್ ತೆಗೆಸಿ ಫೈಬರ್ ಹಾಕಿಸಿದರು. ಸ್ಪೀಡ್ ಭಾರಿ! ಅದೇ ವಾರ ಒಂದು ಸಕ್ಕರೆ ಕಾರ್ಖಾನೆಗೆ ಕೊಟೇಶನ್ ಕಳಿಸಬೇಕಿತ್ತು, ಕಬ್ಬಿನ ಹಂಗಾಮು ಶುರುವಾಗೋದರೊಳಗ. ಔಟ್‌ಲುಕ್‌ನಲ್ಲಿ ಸೆಂಡ್ ಒತ್ತಿ ಚಹಾ ಕುಡಿಯಾಕ ಹೋದರು. ಆ ಮೇಲ್ ನಾಲ್ಕು ದಿನ ಔಟ್‌ಬಾಕ್ಸ್‌ನಾಗೇ ಕೂತಿತ್ತು. ಯಾರಿಗೂ ಸಂಶಯ ಬರಲಿಲ್ಲ, ಯಾಕಂದ್ರ ಬರೋ ಮೇಲ್ ಎಲ್ಲಾ ಸರಿಯಾಗಿ ಬರ್ತಿದ್ದವು. ಆರ್ಡರ್ ಕೊಲ್ಹಾಪುರದವರಿಗೆ ಹೋತು.

2/4

ಆಮೇಲಿನ ಕತಿ ಕೇಳ್ರಿ. ಲೈನ್ ಹಾಕಿದ ಹುಡುಗ ಬಂದ, ಬ್ರೌಸರ್ ತೆಗೆದು ಯೂಟ್ಯೂಬ್ ಹಚ್ಚಿ ತೋರಿಸಿದ. “ನೆಟ್ ಚಲೋನೇ ಐತ್ರಿ ಕಾಕಾ, ವಾಟ್ಸಾಪ್ ಮಾಡಿಬಿಡ್ರಿ” ಅಂದ. ಕಸ್ಟಮರ್ ಕೇರ್‌ನವರು ಹಿಂದಿಯೊಳಗ “ರೌಟರ್ ಆಫ್ ಮಾಡಿ ಆನ್ ಮಾಡಿ” ಅಂದರು. ಮೂರು ಸಲ. ಕೊನೆಗೆ ಒಬ್ಬ ಕಂಪ್ಯೂಟರ್ ರಿಪೇರಿಯವನು ಬಂದು ವೈರಸ್ ಐತಿ ಅಂತ ಪಿಸಿ ಫಾರ್ಮ್ಯಾಟ್ ಹೊಡೆದ. ಕಾಕಾನ ಅಕೌಂಟ್ ಪಾಪ್ ಪದ್ಧತಿಯದು. ಅಂದ್ರ ಮೇಲ್ ಪಿಸಿಗೆ ಇಳಿದ ಮೇಲೆ ಸರ್ವರ್‌ನಲ್ಲಿ ಉಳಿಯದಂಗ ಸೆಟ್ ಮಾಡಿದ್ದರು. ವರ್ಷಗಟ್ಟಲೆಯ ಬಿಲ್ಲು, ಪತ್ರ, ಗಿರಾಕಿಗಳ ವಿಳಾಸ ಎಲ್ಲಾ ಹೋದವು. ಇಷ್ಟಾದ ಮೇಲೂ ಮೇಲ್ ಮಾತ್ರ ಹೋಗಲಿಲ್ಲ!

ನಾನು ಶನಿವಾರ ಹೋಗಿ ಕೂತೆ. ಹತ್ತು ನಿಮಿಷದ ಕೆಲಸ. ದೊಡ್ಡಸ್ತಿಕಿ ಅಲ್ಲ, ನನಗೂ ಅದರ ಹಿಂದಿನ ರಾತ್ರಿತನಕ ಏನೂ ಗೊತ್ತಿರಲಿಲ್ಲ. ಎಸ್‌ಎಂಟಿಪಿ ಅಂದ್ರ ‘ಸಿಂಪಲ್ ಮೇಲ್ ಟ್ರಾನ್ಸ್‌ಫರ್ ಪ್ರೋಟೋಕಾಲ್’ ಅಂತ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡವ ನಾನು. ಅದು ಏನು ಮಾಡ್ತೈತಿ ಅಂತ ಯಾರೂ ಕೇಳಿರಲಿಲ್ಲ, ನಾವೂ ಕೇಳಲಿಲ್ಲ.

3/4

ಈಗ ವಿಷಯಕ್ಕ ಬರೋಣ. ಮೇಲ್ ಬರೋ ದಾರಿ ಬೇರೆ, ಹೋಗೋ ದಾರಿ ಬೇರೆ. ಬರೋದಕ್ಕ ಪಾಪ್ ಅಥವಾ ಐಮ್ಯಾಪ್, ಸಾಮಾನ್ಯವಾಗಿ 995 ಇಲ್ಲಾ 993ನೇ ಪೋರ್ಟ್. ಹೋಗೋದಕ್ಕ ಎಸ್‌ಎಂಟಿಪಿ. ಅದು 1982ರ ಕಾಲದ್ದು, ಅದರ ಹಳೇ ಬಾಗಿಲು 25ನೇ ಪೋರ್ಟ್. ಅದಕ್ಕೇ ಒಂದು ಬಂದ್ ಆದರೂ ಇನ್ನೊಂದು ನಡೀತೈತಿ. ಬ್ರೌಸರ್‌ನಲ್ಲಿ ಜಿಮೇಲ್ ತೆಗೆದು “ಹೋತಲ್ಲ” ಅನ್ನೋರು ನೆನಪಿಡ್ರಿ: ಅದು ವೆಬ್‌ಸೈಟಿನ 443ನೇ ಪೋರ್ಟಿನಿಂದ ಹೋಗ್ತೈತಿ. ಅದರಿಂದ ಔಟ್‌ಲುಕ್ ಆಗಲಿ, ಟ್ಯಾಲಿ ಆಗಲಿ ಸರಿ ಐತಿ ಅಂತ ಸಾಬೀತಾಗಂಗಿಲ್ಲ.

ಕಾಕಾನ ಸೆಟ್ಟಿಂಗ್‌ನಲ್ಲಿ ಔಟ್‌ಗೋಯಿಂಗ್ ಸರ್ವರ್ ಅಂತ ಹಳೇ ನೆಟ್ ಕಂಪನಿಯ ಹೆಸರೇ ಇತ್ತು, ಪೋರ್ಟ್ 25, ಪಾಸ್‌ವರ್ಡ್ ಇಲ್ಲ. ಹಳೇ ಲೈನ್ ಇದ್ದಾಗ ಆ ಸರ್ವರ್ “ನಮ್ಮ ಗಿರಾಕಿ” ಅಂತ ಒಳಗ ಬಿಡ್ತಿತ್ತು. ಈಗ ಬೇರೆಯವರ ಲೈನಿನಿಂದ ಹೋದರೆ ಯಾಕ ಬಿಡಬೇಕು? ಬಿಡೋದು ದೂರ, ಅಲ್ಲಿತನಕ ಮುಟ್ಟಲೂ ಇಲ್ಲ, ಯಾಕಂದ್ರ ಮನೆ ಕನೆಕ್ಷನ್‌ಗಳಲ್ಲಿ 25ನ್ನು ಬಹಳ ಕಂಪನಿಗಳು ಮುಚ್ಚಿಟ್ಟಿರ್ತಾವ.

ಮುಚ್ಚಿದ್ದು ತಪ್ಪಲ್ಲ, ನಾ ಅದರ ಪರ. ವೈರಸ್ ಹೊಕ್ಕ ಪಿಸಿಗಳು ಮಾಲೀಕನಿಗೆ ಗೊತ್ತಿಲ್ಲದಂಗ ಅದೇ ಬಾಗಿಲಿನಿಂದ ರಾಶಿ ರಾಶಿ ಸ್ಪ್ಯಾಮ್ ಕಳಿಸ್ತಾವ. ಅದಕ್ಕೇ ಲಾಗಿನ್ ಆಗಿ ಮೇಲ್ ಕಳಿಸುವವರಿಗಾಗಿ 1998ರಲ್ಲೇ 587ನೇ ಪೋರ್ಟ್ ಬೇರೆ ಮಾಡಿದರು. 465 ಕೂಡ ಐತಿ.

ನಾ ಮಾಡಿದ್ದು ಇಷ್ಟೇ: ಔಟ್‌ಗೋಯಿಂಗ್ ಸರ್ವರ್ ಜಾಗದಲ್ಲಿ ನೆಟ್ ಕಂಪನಿಯದು ತೆಗೆದು ಮೇಲ್ ಕೊಟ್ಟವರ ಸರ್ವರ್ ಹೆಸರು ಹಾಕಿದೆ. ಪೋರ್ಟ್ 587, ಎನ್‌ಕ್ರಿಪ್ಶನ್ ಸ್ಟಾರ್ಟ್‌ಟಿಎಲ್‌ಎಸ್, ‘ಔಟ್‌ಗೋಯಿಂಗ್ ಸರ್ವರ್‌ಗೆ ಲಾಗಿನ್ ಬೇಕು’ ಅನ್ನೋದಕ್ಕ ಟಿಕ್. ಸೆಂಡ್. ಹೋತು. ಕಾಕಾ ಏನೂ ಮಾತಾಡಲಿಲ್ಲ, ಆ ಸೆಂಟ್ ಫೋಲ್ಡರ್ ನೋಡ್ಕೋತ ಕೂತರು.

ನಿಮ್ಮದು ಜಿಮೇಲ್ ಆದರೆ ಇನ್ನೊಂದು ತೊಡಕು. ಬರೇ ಪಾಸ್‌ವರ್ಡ್ ಹಾಕಿ ಹೊರಗಿನ ಸಾಫ್ಟ್‌ವೇರ್‌ನಿಂದ ಕಳಿಸೋದನ್ನ ಗೂಗಲ್ 2022ರ ಮೇ 30ರಿಂದ ನಿಲ್ಲಿಸತೊಡಗಿತು. ಟೂ ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಮಾಡ್ಕೋರಿ. ಏನೂ ತಿಳೀದಿದ್ರ ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿ ಒಮ್ಮೆ ಕಳಿಸಿ ನೋಡ್ರಿ. ಅದರಾಗ ಹೋದ್ರ ನಿಮ್ಮ ಪಾಸ್‌ವರ್ಡ್ ಸರಿ ಐತಿ, ಪಿಸಿಯೂ ಸರಿ ಐತಿ. ಫಾರ್ಮ್ಯಾಟ್ ಹೊಡೆಯಾಕ ಬಂದವನನ್ನ ಬಾಗಿಲಲ್ಲೇ ನಿಲ್ಲಸ್ರಿ.

4/4

ಕೆಲವರು ಅಂತಾರ, “ಈಗ ಮೇಲ್ ಯಾರು ಮಾಡ್ತಾರ, ವಾಟ್ಸಾಪ್ ಐತಲ್ಲ.” ಕಾರ್ಖಾನೆಯ ಪರ್ಚೇಸ್ ವಿಭಾಗಕ್ಕ ಹೋಗಿ ಈ ಮಾತು ಹೇಳ್ರಿ ನೋಡೋಣ. ಕೊಟೇಶನ್ ಕೇಳಿದ್ದೇ ಮೇಲ್‌ನಲ್ಲಿ, ಅದೂ ಇಂತಾ ತಾರೀಖಿನೊಳಗ ಅಂತ. ತಡವಾದ್ರ ನಿಮ್ಮ ರೇಟ್ ಎಷ್ಟು ಕಡಿಮೆ ಇದ್ದರೇನು?

ನನ್ನ ಸಿಟ್ಟು ಬಂದ್ ಮಾಡಿದ್ದಕ್ಕಲ್ಲ, ಹೇಳದೇ ಬಂದ್ ಮಾಡಿದ್ದಕ್ಕ. ಹೊಸ ಲೈನ್ ಹಾಕುವಾಗ ಆಧಾರ್ ಕೇಳ್ತೀರಿ, ಫೋಟೋ ಕೇಳ್ತೀರಿ, ಸಹಿ ಮಾಡಿಸ್ಕೋತೀರಿ, ಓಟಿಟಿ ಪ್ಯಾಕ್ ಬಗ್ಗೆ ಅರ್ಧ ತಾಸು ಹೇಳ್ತೀರಿ. “ಈ ಲೈನ್‌ನಲ್ಲಿ 25 ನಡೆಯಂಗಿಲ್ಲ, 587 ಹಾಕ್ಕೋರಿ” ಅಂತ ಕನ್ನಡದಾಗ ಒಂದು ಸಾಲು, ಗಡಿ ಊರಾಗ ಮರಾಠಿಯಾಗ ಇನ್ನೊಂದು ಸಾಲು ಛಾಪಿಸಿ ಕೊಡಾಕ ಏನ್ ತ್ರಾಸು? ಆ ಒಂದು ಸಾಲು ಇದ್ದಿದ್ರ ಕಾಕಾನ ಹಳೇ ಮೇಲ್ ಇವತ್ತೂ ಇರ್ತಿದ್ದವು.

ಬಿಕಾಂ ದೋಸ್ತರಿಗೆ ಒಂದು ಕೆಲಸ. ನಿಮ್ಮ ಅಪ್ಪಾರ, ಕಾಕಾನ, ಮಾವನ ಅಂಗಡಿಗೆ ಹೋಗಿ ಔಟ್‌ಬಾಕ್ಸ್ ತೆಗೆದು ನೋಡ್ರಿ. ಎಷ್ಟು ಮೇಲ್ ಕೂತಾವ, ಔಟ್‌ಗೋಯಿಂಗ್ ಪೋರ್ಟ್ ಎಷ್ಟೈತಿ, ಎರಡೂ ಕಾಮೆಂಟ್ ಹಾಕ್ರಿ. ಪಾಸ್‌ವರ್ಡ್ ಮಾತ್ರ ಹಾಕಬ್ಯಾಡ್ರಿ, ಕೈ ಮುಗೀತೀನಿ.

#ಚಿಕ್ಕೋಡಿ #ನಿಪ್ಪಾಣಿ #ರಾಯಬಾಗ #ಅಥಣಿ #ಕಾಗವಾಡ #ಔಟ್‌ಬಾಕ್ಸ್