ಚಂದದ ನಾಯಿಮರಿ ತರುವ ಮುನ್ನ

ಟಿನ್‌ಟಿನ್ ಚಿತ್ರಕಥೆಯ ಬಿಳಿ ನಾಯಿ ಸ್ನೋಯಿಯನ್ನು ಕಂಡು ಮಕ್ಕಳು ಅಂಥದೇ ಬೇಕೆಂದು ಹಠ ಹಿಡಿದಿದ್ದಾರೆಯೇ? ಹಾಗಾದರೆ ಹಣ ಕೊಡುವ ಮುನ್ನ ಸ್ವಲ್ಪ ಯೋಚಿಸಿ.

ಅದು ವೈರ್ ಫಾಕ್ಸ್ ಟೆರಿಯರ್ ತಳಿ. ಬಿಲ ಹೊಕ್ಕ ನರಿಯನ್ನು ಹೊರಗಟ್ಟಲು ಇಂಗ್ಲೆಂಡಿನಲ್ಲಿ ಬೆಳೆಸಿದ್ದು. ನೆಲ ಕೆರೆಯುವುದು, ಬೊಗಳುವುದು, ಓಡುವ ಪ್ರಾಣಿಯ ಬೆನ್ನಟ್ಟುವುದು ಅದರ ಹುಟ್ಟುಗುಣ. ಮಾಗಡಿ, ಕನಕಪುರದ ಹಳ್ಳಿಮನೆಯಾದರೆ ಅಂಗಳದ ಕೋಳಿಗಳಿಗೆ ಅಪಾಯ. ರಾಮನಗರ, ಚನ್ನಪಟ್ಟಣದ ಪೇಟೆಮನೆಯಲ್ಲಿ ದಿನವಿಡೀ ಕಟ್ಟಿಹಾಕಿದರೆ ಬೇಸತ್ತು ಬೊಗಳುತ್ತಲೇ ಇರುತ್ತದೆ. ಬಿಸಿಲೇರುವ ಮೊದಲು ಮತ್ತು ಸಂಜೆ ತಪ್ಪದೆ ಓಡಾಡಿಸಬೇಕು.

ಈ ತಳಿಗೆ ಚರ್ಮದ ಅಲರ್ಜಿ, ಕಣ್ಣಿನ ಮಸೂರ ಜಾರುವ ವಂಶಪಾರಂಪರ್ಯ ಕಾಯಿಲೆ ಬರುವುದುಂಟು. ಒರಟು ಕೂದಲಲ್ಲಿ ಉಣ್ಣೆ ಅಡಗಿ ರಕ್ತ ಹೀರಿ ಜ್ವರ ತರಬಹುದು. ರೇಷ್ಮೆ ಬೆಳೆಗಾರರಿಗೆ ಇನ್ನೊಂದು ಮಾತು: ಉಣ್ಣೆ ಕೊಲ್ಲುವ ಹಲವು ಔಷಧಗಳು ರೇಷ್ಮೆಹುಳುವಿಗೂ ವಿಷ. ನಾಯಿಗೆ ಔಷಧ ಹಚ್ಚಿದ ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು ಮುಟ್ಟಬೇಡಿ. ಹುಳು ಸಾಕುವ ಮನೆಯೊಳಕ್ಕೆ ನಾಯಿಯನ್ನು ಬಿಡಬೇಡಿ.

ತಳಿ ಯಾವುದೇ ಇರಲಿ, ಮರಿಗೆ 3 ತಿಂಗಳಾದಾಗ ರೇಬೀಸ್ ಲಸಿಕೆ ಕೊಡಿಸಿ. ಮುಂದಿನ ಲಸಿಕೆಗಳನ್ನು ಪಶುವೈದ್ಯರು ಹೇಳಿದ ಕಾಲಕ್ಕೆ ಹಾಕಿಸಿ. 'ನಮ್ಮ ಮನೆಯ ನಾಯಿ ತಾನೇ' ಎಂಬ ಉದಾಸೀನ ಸಲ್ಲದು. ನಾಯಿ ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ. ಸುಣ್ಣ, ಖಾರದಪುಡಿ ಹಚ್ಚಬೇಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವವರು ಅತಿ ವಿರಳ.

ದಿನಕ್ಕೊಂದು ಗಂಟೆ ಬಿಡುವು, ಔಷಧದ ಖರ್ಚು ಎರಡೂ ಇದ್ದರೆ ಟೆರಿಯರ್ ತನ್ನಿ. ಇಲ್ಲವಾದರೆ ನಮ್ಮ ಹವೆಗೆ ಒಗ್ಗಿದ ನಾಡನಾಯಿ ಮರಿಯೇ ಲೇಸು. ಲಸಿಕೆ ಮಾತ್ರ ಅದಕ್ಕೂ ತಪ್ಪಿಸಬೇಡಿ.