‘ಟೂ’ ಒಳಗೆ ಅಡಗಿದ ‘ನಾಟ್’

‘ಟೂ... ಟು’ ತೆಗೆದು ‘ಸೋ... ದಟ್’ ಹಾಕಿ ವಾಕ್ಯ ಬದಲಿಸುವ ಪ್ರಶ್ನೆ ಪ್ರೌಢಶಾಲೆಯ ಮಕ್ಕಳಿಗೆ ಹಳೆಯ ಪರಿಚಯ. ಸೂತ್ರ ಬಾಯಿಪಾಠವಾಗಿರುತ್ತದೆ, ಆದರೂ ಅಂಕ ಹೋಗುತ್ತದೆ. ‘ದಿ ಟೀ ಈಸ್ ಟೂ ಹಾಟ್ ಟು ಡ್ರಿಂಕ್’ ಎಂಬುದನ್ನು ‘ದಿ ಟೀ ಈಸ್ ಸೋ ಹಾಟ್ ದಟ್ ವಿ ಕ್ಯಾನ್ ಡ್ರಿಂಕ್’ ಎಂದು ಬರೆದವನು ನಾಲಿಗೆ ಸುಟ್ಟುಕೊಂಡಂತೆಯೇ!

‘ಟೂ’ ಎಂದರೆ ‘ತುಂಬಾ’ ಎಂದು ತಿಳಿಯುವುದೇ ಈ ತಪ್ಪಿನ ಮೂಲ. ‘ತುಂಬಾ’ ಎನ್ನಲು ‘ವೆರಿ’ ಇದೆ. ‘ಟೂ’ ಎಂದರೆ ಮಿತಿಮೀರಿದ್ದು. ಮುಂದೆ ‘ಟು’ ಬಂದಾಗ ಅದರೊಳಗೆ ‘ಆಗದು’ ಎಂಬ ಅರ್ಥ ಅಡಗಿರುತ್ತದೆ. ಕನ್ನಡದಲ್ಲಿ ಇದೇ ಮಾತು ‘ಕುಡಿಯಲಾಗದಷ್ಟು ಬಿಸಿ’. ಇಲ್ಲಿ ನಿಷೇಧ ಕಣ್ಣಿಗೆ ಕಾಣುತ್ತದೆ. ಇಂಗ್ಲಿಷಿನಲ್ಲಿ ‘ಟೂ’ ತೆಗೆದ ಕೂಡಲೇ ಅದು ‘ನಾಟ್’ ಆಗಿ ಹೊರಬರಬೇಕು: ‘ಸೋ ಹಾಟ್ ದಟ್ ವಿ ಕೆನಾಟ್ ಡ್ರಿಂಕ್ ಇಟ್.’ ರಾಸಾಯನಿಕ ಸಮೀಕರಣದಲ್ಲಿ ಬಾಣದ ಎರಡು ಬದಿಗೂ ಪರಮಾಣುಗಳ ಲೆಕ್ಕ ಸರಿಹೊಂದಬೇಕಲ್ಲವೆ? ಹಾಗೆಯೇ ಇದೂ.

ಕೊನೆಯ ‘ಇಟ್’ ಮರೆಯುವವರು ಬಹಳ. ಕುಡಿಯುವುದು ಏನನ್ನು? ಟೀಯನ್ನು. ಆದರೆ ‘ರವಿ ವಾಸ್ ಟೂ ವೀಕ್ ಟು ವಾಕ್’ ಎಂಬಲ್ಲಿ ‘ಇಟ್’ ಬೇಡ, ನಡೆಯಬೇಕಾದವನು ರವಿಯೇ. ಉತ್ತರ ‘ಸೋ ವೀಕ್ ದಟ್ ಹಿ ಕುಡ್ ನಾಟ್ ವಾಕ್.’ ‘ವಾಸ್’ ಇದ್ದುದರಿಂದ ‘ಕುಡ್’ ಬಂದಿತು.

ಇಂಗ್ಲಿಷ್ ಬಾರದ ತಂದೆತಾಯಿಗಳೂ ಈ ಅಭ್ಯಾಸ ಮಾಡಿಸಬಹುದು. ‘ದಿ ಬಾಕ್ಸ್ ವಾಸ್ ಟೂ ಹೆವಿ ಫಾರ್ ರವಿ ಟು ಲಿಫ್ಟ್’ ಎಂಬುದನ್ನು ಬದಲಿಸಲು ಹೇಳಿ, ಎರಡೂ ವಾಕ್ಯಗಳ ಅರ್ಥವನ್ನು ಕನ್ನಡದಲ್ಲಿ ಕೇಳಿದರಾಯಿತು. ಒಂದರಲ್ಲಿ ಪೆಟ್ಟಿಗೆ ನೆಲದ ಮೇಲೆ, ಇನ್ನೊಂದರಲ್ಲಿ ರವಿಯ ತಲೆಯ ಮೇಲೆ ಇದ್ದರೆ ಉತ್ತರ ತಪ್ಪು.